ಸೊಪ್ರಾನೊದಿಂದ ಆಲ್ಟೊಗೆ ಕಳಿಸಿದರು, ಕ್ವಾಯರ್ ಬಿಡಲೇ?

ಪ್ರಶ್ನೆ: ನನಗೆ 53 ವರ್ಷ. ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಕ್ವಾಯರ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಸೊಪ್ರಾನೊ, ಅಂದರೆ ಹೆಂಗಸರ ಮೇಲಿನ ದನಿಯ ಭಾಗ, ಹಾಡುತ್ತಿದ್ದೇನೆ. ಮೊನ್ನೆ ಪ್ರಾಕ್ಟೀಸಿನಲ್ಲಿ ಕ್ವಾಯರ್ ಮಾಸ್ಟರ್ ಎಲ್ಲರೆದುರು, "ಇನ್ನು ನೀವು ಆಲ್ಟೊಗೆ ಹೋಗಿ" ಅಂದುಬಿಟ್ಟರು. ತುಂಬಾ ಅವಮಾನವಾಯಿತು. ಆಲ್ಟೊ, ಅಂದರೆ ಹೆಂಗಸರ ಕೆಳಗಿನ ದನಿಯ ಭಾಗ, ಹಾಡಲು ಹೋದರೆ ಬಾಯಿ ತಾನಾಗಿ ಮೇಲಿನ ರಾಗಕ್ಕೇ ಹೋಗುತ್ತದೆ. ಕ್ರಿಸ್ಮಸ್‌ಗೆ ಮುಂಚೆಯೇ ಬಿಟ್ಟುಬಿಡಲೇ?

ಉತ್ತರ: ಮಾಸ್ಟರ್ ಹೇಳಿದ್ದು ಸರಿ ಇರಬಹುದು, ಹೇಳಿದ ರೀತಿ ಖಂಡಿತ ಸರಿಯಲ್ಲ. ಬಿಡುವು ಮಾಡಿಕೊಂಡು ಬಂದು ಹಾಡುವವರಿಗೆ ಇಂಥದ್ದನ್ನು ಪಕ್ಕಕ್ಕೆ ಕರೆದು ಹೇಳಬೇಕು. ಪ್ರಾಕ್ಟೀಸ್ ಮುಗಿದ ಮೇಲೆ ಅವರಿಗೇ ಇದನ್ನು ತಿಳಿಸಿ. ಅಯ್ಯನವರ (ಸಭಾಪಾಲಕರ) ವರೆಗೆ ಒಯ್ಯಬೇಡಿ; ಅಲ್ಲಿಂದ ಮುಂದೆ ಅದು ಸ್ವರದ ಮಾತಲ್ಲ, ಕಮಿಟಿಯ ಜಗಳ.

ಅದಕ್ಕೂ ಮೊದಲು ಮನೆಯಲ್ಲಿ ದನಿ ಪರೀಕ್ಷಿಸಿಕೊಳ್ಳಿ. ಐದು ನಿಮಿಷ ತುಟಿ ಅದುರಿಸುತ್ತ ಗಂಟಲು ಹದಮಾಡಿ, ಕೀಬೋರ್ಡಿನ ನಡುವಿನ ಸಿ ಸ್ವರದಿಂದ (ಮಿಡ್ಲ್ ಸಿ) ಒಂದೊಂದೇ ಸ್ವರ ಮೇಲೇರಿ, 'ಊ' ಎಂದು, ಮೆಲ್ಲಗೆ. ಬಾಸೆಲ್ ಮಿಶನ್ ಕಾಲದಿಂದ ಬಂದ ನಾಲ್ಕು ಭಾಗದ (ಸೊಪ್ರಾನೊ, ಆಲ್ಟೊ, ಟೆನರ್, ಬಾಸ್) ಆರಾಧನೆಯ ಹಾಡುಗಳಲ್ಲಿ ಸೊಪ್ರಾನೊ ಸಾಮಾನ್ಯವಾಗಿ ಮೇಲಿನ ಸ್ಥಾಯಿಯ ಇ ವರೆಗೆ, ಕೆಲವೊಮ್ಮೆ ಎಫ್‌ವರೆಗೆ ಹೋಗುತ್ತದೆ. ಕೂಗಿ ಮುಟ್ಟಿದ್ದು ಲೆಕ್ಕಕ್ಕಿಲ್ಲ; ಮೆಲ್ಲಗೆ ಅಲ್ಲಿಗೆ ಮುಟ್ಟದಿದ್ದರೆ ಮಾಸ್ಟರ್ ಹೇಳಿದ್ದು ಸರಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೊಜೆನ್ ಹಾರ್ಮೋನು ಇಳಿದು ಅನೇಕರ ಸ್ವರತಂತುಗಳು ತುಸು ದಪ್ಪವಾಗುತ್ತವೆ, ಒಣಗುತ್ತವೆ. ಮೇಲಿನ ಸ್ವರಗಳು ಕಷ್ಟವಾಗುತ್ತವೆ, ಕೆಳಗಿನವು ತುಂಬಿಕೊಳ್ಳುತ್ತವೆ. ಆಗ ಗಂಟಲು ಬಿಗಿದು ಒತ್ತಿದರೆ ದನಿ ನಡುಗುತ್ತದೆ, ಶ್ರುತಿ ಇಳಿಯುತ್ತದೆ, ಪಕ್ಕದವರನ್ನೂ ಎಳೆಯುತ್ತದೆ. (ದನಿ ಮೂರು ವಾರ ಮೀರಿ ಒಡೆದೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.)

ಇನ್ನು ಮೇಲಿನ ರಾಗಕ್ಕೆ ಜಾರುವುದು. ಅದು ಇಪ್ಪತ್ತು ವರ್ಷದ ರೂಢಿ, ದಡ್ಡತನವಲ್ಲ. ಸ್ವರಲಿಪಿಯ ಮೇಲಿನ ಐದು ಗೆರೆಗಳ ಸಾಲಿನಲ್ಲಿ (ಟ್ರೆಬಲ್) ಕಡ್ಡಿ ಕೆಳಮುಖವಾಗಿರುವ ಸ್ವರ ಆಲ್ಟೊದ್ದು. ಆ ಭಾಗವನ್ನಷ್ಟೇ ಆರ್ಗನ್ ನುಡಿಸುವವರಿಂದ ಫೋನಿಗೆ ರೆಕಾರ್ಡ್ ಮಾಡಿಸಿಕೊಳ್ಳಿ. ಮೊದಲು 'ನೂ' ಎಂದು, ಆಮೇಲೆ ದೋ-ರೇ-ಮೀ, ಪದಗಳು ಕೊನೆಗೆ. ಪದದಿಂದ ಶುರು ಮಾಡಿದಿರೋ, ಹಳೆಯ ರಾಗ ಅದರ ಬೆನ್ನಿಗೇ ಬಂದುಬಿಡುತ್ತದೆ. ಆ ಭಾಗ ಒಂಟಿಯಾಗಿ ಹಾಡಲು ಬಂದ ಮೇಲೆ ಬಾಸ್ (ಗಂಡಸರ ಕೆಳದನಿ) ಜೊತೆ ಹಾಡಿ. ಸೊಪ್ರಾನೊ ಜೊತೆ ಎಲ್ಲಕ್ಕಿಂತ ಕೊನೆಗೆ.

ಆಲ್ಟೊ ಸುಲಭವೆಂಬ ಭ್ರಮೆ ಬೇಡ. ನಾಲ್ಕೈದು ಅಕ್ಷರಗಳಿಗೆ ಒಂದೇ ಸ್ವರ ಬರುವುದುಂಟು. ಸಾಲು ಮುಗಿಯುವಲ್ಲಿ ಉಳಿದವರು ಚಲಿಸುವಾಗ ನೀವು ಸೋ (ದೋ-ರೇ-ಮೀಯ ಐದನೇ ಸ್ವರ) ಹಿಡಿದೇ ನಿಲ್ಲಬೇಕಾಗುತ್ತದೆ. ಶ್ರುತಿ ಕುಸಿಯುವುದು ಅಲ್ಲೇ. ಪ್ರತಿ ಅಕ್ಷರಕ್ಕೂ ಆ ಸ್ವರವನ್ನು ಕೂದಲೆಳೆಯಷ್ಟು ಮೇಲಿನಿಂದ ಹೊಸದಾಗಿ ಹಿಡಿದಂತೆ ಭಾವಿಸಿ ಹಾಡಿ. ನಿಲ್ಲುವುದು ಗಟ್ಟಿ ಆಲ್ಟೊಗಳಿಬ್ಬರ ನಡುವೆ. ಸೊಪ್ರಾನೊ ಅಂಚಿನಲ್ಲಿ ಬೇಡವೇ ಬೇಡ. ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವ ಕೀರ್ತನೆಗಳಲ್ಲಿ ಹೇಗೂ ಮೂಲ ರಾಗ ನಿಮಗೇ ಉಳಿಯುತ್ತದೆ.

ಮಾಸ್ಟರ್ ಬಳಿ ಆಲ್ಟೊಗಳಿಗೇ ವಾರಕ್ಕೆ 20 ನಿಮಿಷ ಪ್ರತ್ಯೇಕ ಪ್ರಾಕ್ಟೀಸ್ ಕೇಳಿ. ಈ ಕ್ರಿಸ್ಮಸ್ ಹಾಡಿ ಮುಗಿಸಿ, ಜನವರಿಯಲ್ಲಿ ನಿರ್ಧರಿಸಿ. ಬಿಡಲೇಬೇಕೆನಿಸಿದರೆ ಈಗಲೇ, ಅಡ್ವೆಂಟ್ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಶುರುವಾಗುವ ಮೊದಲೇ ಹೇಳಿ. ಕ್ಯಾರಲ್ಸ್ ನಡುವೆ ಬಿಟ್ಟರೆ ನಿಮ್ಮ ಜಾಗ ತುಂಬಲು ಅವರಿಗೆ ಸಮಯವಿರುವುದಿಲ್ಲ.