ಹೊಸ ಪ್ಲಾಸ್ಟರಿನ ಈಜುಕೊಳದ ತಳದಲ್ಲಿ ಬಿಳಿ ಪುಡಿ

ಮಡಿಕೇರಿಯ ಹೋಂಸ್ಟೇಗೆ ಕಟ್ಟಿಸಿದ ಈಜುಕೊಳಕ್ಕೆ ನೀರು ತುಂಬಿದ ಕೂಡಲೇ ತಳದಲ್ಲಿ ಬಿಳಿ ಪುಡಿ ಕಾಣಿಸಿದೆ, ಪ್ಲಾಸ್ಟರ್ ಕೆಟ್ಟಿತೇ ಎಂದು ಕೇಳಿದ್ದೀರಿ. ದಯವಿಟ್ಟು ಗಾಬರಿಯಾಗಬೇಡಿ; ಸಿಮೆಂಟು ನೀರಿನೊಳಗೂ ಗಟ್ಟಿಯಾಗುತ್ತಲೇ ಇರುವುದರಿಂದ ಅದರ ಸುಣ್ಣದ ಅಂಶ ಹೊರಬಂದು ಹೀಗೆ ಕೂರುತ್ತದೆ, ನೀರಿನ ಪಿಎಚ್ (ಆಮ್ಲ-ಕ್ಷಾರ ಮಟ್ಟ) ಕೂಡ ಏರುತ್ತದೆ. ಮೊದಲ ಎರಡು ವಾರ ದಿನಕ್ಕೆರಡು ಬಾರಿ ನೈಲಾನ್ ಬ್ರಷ್‌ನಿಂದ ಗೋಡೆ, ತಳಗಳನ್ನು ಉಜ್ಜಿ, ಪಿಎಚ್ ಅನ್ನು ದಿನವೂ ಪರೀಕ್ಷಿಸಿ 7.2ರಿಂದ 7.6ರೊಳಗೆ ಇರಿಸಿಕೊಳ್ಳಿ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ವ್ಯವಸ್ಥೆಯಿದ್ದರೆ 28 ದಿನಗಳವರೆಗೆ ಉಪ್ಪು ಹಾಕಲೇಬೇಡಿ.

ನಮ್ಮ ಕೊಡಗಿನಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಮಳೆಯ ವಿಷಯವನ್ನು: ಮಳೆನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಅದು ಎಳೆಯ ಪ್ಲಾಸ್ಟರಿನಿಂದಲೇ ಸುಣ್ಣವನ್ನು ಸೆಳೆದು ಮೇಲ್ಮೈಯನ್ನು ಒರಟಾಗಿಸುತ್ತದೆ, ಆದ್ದರಿಂದ ಜಡಿಮಳೆ ಸುರಿದಾಗಲೆಲ್ಲ ಕೊಳದ ನೀರಿನ ಗಡಸುತನವನ್ನು (ಕ್ಯಾಲ್ಸಿಯಂ ಪ್ರಮಾಣವನ್ನು) ಅಳೆದು, ಲೀಟರಿಗೆ 150 ಮಿಲಿಗ್ರಾಂಗಿಂತ ಇಳಿದಿದ್ದರೆ ಕ್ಯಾಲ್ಸಿಯಂ ಕ್ಲೋರೈಡನ್ನು ಬಕೆಟ್ ನೀರಿನಲ್ಲಿ ಪೂರ್ತಿ ಕರಗಿಸಿ ನಿಧಾನವಾಗಿ ಸೇರಿಸಿ.