‘ತೀರ್ಪು ಮಾಡಬೇಡಿರಿ’ ಎಂದರೆ ತಪ್ಪನ್ನು ತಪ್ಪು ಅನ್ನಲೇಬಾರದೇ?

ಅನ್ನಬಹುದು. ಯೇಸು ಬೇಡ ಎಂದದ್ದು, ನಾನೇ ಮೇಲು ಎಂಬ ಭಾವದಿಂದ ಇನ್ನೊಬ್ಬರನ್ನು ತಳ್ಳಿಹಾಕುವುದನ್ನು.

ಈ ಮಾತಿರುವುದು ಬೈಬಲಿನ ಮತ್ತಾಯ ಸುವಾರ್ತೆಯಲ್ಲಿ. ಅದರ 7ನೇ ಅಧ್ಯಾಯದ ಮೊದಲ ವಚನವನ್ನಷ್ಟೇ ಜಾಸ್ತಿ ಜನ ಹೇಳುತ್ತಾರೆ. ದಯವಿಟ್ಟು 5ನೇ ವಚನದ ತನಕ ಓದಿ. ಮೊದಲು ನಿನ್ನ ಕಣ್ಣಿನಲ್ಲಿರುವ ತೊಲೆಯನ್ನು ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆಯನ್ನು, ಅಂದರೆ ಸಣ್ಣ ಕಸವನ್ನು, ತೆಗೆಯಲು ನಿನಗೆ ಚೆನ್ನಾಗಿ ಕಾಣಿಸುತ್ತದೆ ಎನ್ನುತ್ತಾನೆ ಯೇಸು. ರವೆ ಅಲ್ಲೇ ಇರಲಿ ಅನ್ನಲಿಲ್ಲ, ಅಲ್ವಾ? ಯೋಹಾನ 7:24ರಲ್ಲಂತೂ, ಹೊರತೋರಿಕೆ ನೋಡದೆ ನ್ಯಾಯವಾಗಿ ತೀರ್ಪು ಮಾಡಿ ಎಂದೇ ಇದೆ.

ಲೂಕ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯ (ನೀತಿಕಥೆ) ಇನ್ನೂ ಆಳವಾಗಿ ತಟ್ಟುತ್ತದೆ. ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಒಬ್ಬ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು. ಇನ್ನೊಬ್ಬ ಸುಂಕದವನು, ಜನ ಪಾಪಿಯೆಂದು ಕಡೆಗಣಿಸುತ್ತಿದ್ದ ತೆರಿಗೆ ವಸೂಲಿಗಾರ. ಫರಿಸಾಯನು ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಸಂಪಾದನೆಯಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುವವನು. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಆದರೆ ‘ನಾನು ಈ ಸುಂಕದವನಂತೆ ಅಲ್ಲ’ ಎಂದು ದೇವರ ಮುಂದೆಯೇ ಹೋಲಿಸಿಕೊಳ್ಳುತ್ತಾನೆ. ಸುಂಕದವನು ದೂರದಲ್ಲಿ ನಿಂತು, ಎದೆ ಬಡಿದುಕೊಂಡು ಕರುಣೆ ಕೇಳುತ್ತಾನೆ, ಅಷ್ಟೇ. ನೀತಿವಂತನೆನಿಸಿ ಮನೆಗೆ ಹೋದವನು ಅವನೇ. ಇಲ್ಲಿ ಭಯ ಹುಟ್ಟಿಸುವ ಸಂಗತಿಯೆಂದರೆ, ಫರಿಸಾಯನ ಗರ್ವ ಬೆಳೆದದ್ದು ಅವನ ಒಳ್ಳೆಯ ಕೆಲಸಗಳ ಮೇಲೇ.

ಹಾಗಾದರೆ ತಪ್ಪು ಕಂಡಾಗ ಏನು ಮಾಡಬೇಕು? ತಿದ್ದುವಾಗ ಸೌಮ್ಯವಾಗಿರಿ, ನೀವೂ ಶೋಧನೆಗೆ (ಪಾಪದ ಸೆಳೆತಕ್ಕೆ) ಸಿಕ್ಕಿಬೀಳದಂತೆ ನೋಡಿಕೊಳ್ಳಿ ಎನ್ನುತ್ತಾನೆ ಅಪೊಸ್ತಲ ಪೌಲ (ಗಲಾತ್ಯ 6:1). ಮತ್ತಾಯ 18:15 ಪ್ರಕಾರ ಮೊದಲ ಮಾತು ಇಬ್ಬರ ನಡುವೆಯೇ ಆಗಬೇಕು. ನಾಲ್ಕು ಜನರ ಮುಂದೆ ಎತ್ತಿ ಆಡುವುದಕ್ಕೆ ಅಲ್ಲಿ ಜಾಗವಿಲ್ಲ. ತಪ್ಪು ಮಾಡಿದವನು ಕೇಳದೆ ಹೋದರೆ ಮಾತ್ರ ಒಂದಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.