ಓದುಗರ ಪ್ರಶ್ನೆ: ಹಂಗೇರಿಯ ಕಾಡು, ಯಹೂದಿಗಳ ದೆವ್ವ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲಿವೆ. ಹಂಗೇರಿಯ ಹಳೇ ಇತಿಹಾಸವನ್ನೂ ಯಹೂದಿಗಳ ಜನಪದ ಕಥೆಗಳನ್ನೂ ಕಲಸಿ ಬರೆದ ಡಾರ್ಕ್ ಫ್ಯಾಂಟಸಿ, ಅಂದರೆ ಮಾಟ, ಭಯ ತುಂಬಿದ ಕಲ್ಪನೆಯ ಕಾದಂಬರಿಗಳು! ಸಿಂಧನೂರಿನಲ್ಲಿ, ಸಿರುಗುಪ್ಪದಲ್ಲಿ ಇದನ್ನೆಲ್ಲ ಇಷ್ಟು ಜನ ಓದುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಇಂಥ ಕಾದಂಬರಿಗಳಲ್ಲಿ ಕಾಡಿನಲ್ಲಿ ಹಳೇ ದೇವರನ್ನು ಪೂಜಿಸುವ ಜನ ಇರುತ್ತಾರೆ, ಅವರನ್ನು ತುಳಿಯುವ ಹೊಸ ಧರ್ಮದ ರಾಜ ಇರುತ್ತಾನೆ, ಸತ್ತವರ ಕೈಗೆ ಪೂಜೆ ನಡೆಯುತ್ತದೆ. ಇದರಲ್ಲಿ ನಿಜ ಎಷ್ಟು, ಕಟ್ಟಿದ್ದೆಷ್ಟು?
– ಬಿ.ಎ. ವಿದ್ಯಾರ್ಥಿನಿ, ಸಿಂಧನೂರು

ಮಾಟ ಮಂತ್ರ ಬಿಟ್ಟರೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿನೇ ನಿಜ. ಮಗ್ಯಾರರು ಅನ್ನೋ ಕುದುರೆ ಸವಾರರ ಕುಲಗಳು 895ರ ಸುಮಾರಿಗೆ ಕಾರ್ಪೇಥಿಯನ್ ಬೆಟ್ಟ ದಾಟಿ ಈಗಿನ ಹಂಗೇರಿಗೆ ಬಂದವು. ಸುಮಾರು ನೂರು ವರ್ಷ ಕಳೆದ ಮೇಲೆ ಅವರ ವಂಶದ ಇಷ್ಟ್ವಾನ್ ಕ್ರೈಸ್ತ ರಾಜನಾಗಿ ಕಿರೀಟ ಇಟ್ಟುಕೊಂಡ. ಇಂಗ್ಲಿಷ್ ಪುಸ್ತಕಗಳಲ್ಲಿ ಇವನೇ ಸ್ಟೀಫನ್. ಆದರೆ ಪಟ್ಟ ಸುಮ್ನೆ ಸಿಗಲಿಲ್ಲ. ಕೊಪ್ಪಾನಿ ಅನ್ನೋ ದಾಯಾದಿ ಅಡ್ಡ ನಿಂತ. ಹಳೇ ಪದ್ಧತಿ ಪ್ರಕಾರ ವಂಶದ ಹಿರಿಯನಿಗೇ ಪಟ್ಟ, ಸತ್ತ ನಾಯಕನ ಹೆಂಡತಿಯೂ ಅವನಿಗೇ ಸೇರಬೇಕು ಅನ್ನೋದು ಅವನ ವಾದ. ಆ ವಿಧವೆ ಇಷ್ಟ್ವಾನನ ತಾಯಿ. ಯುದ್ಧ ನಡೆಯಿತು, ಕೊಪ್ಪಾನಿ ಸತ್ತ. ಅವನ ಹೆಣವನ್ನು ನಾಲ್ಕು ತುಂಡು ಮಾಡಿ ಬೇರೆ ಬೇರೆ ಕೋಟೆಗಳ ಬಾಗಿಲಿಗೆ ನೇತುಹಾಕಿಸಿದರು ಅಂತ ಅಲ್ಲಿನ ಹಳೇ ಚರಿತ್ರೆಗಳು ಹೇಳುತ್ತವೆ.

ಈಗ ನಿಮ್ಮ ಕೈ ಪೂಜೆಗೆ ಬರೋಣ. ಇಷ್ಟ್ವಾನನನ್ನು 1083ರಲ್ಲಿ ಸಂತ ಅಂತ ಘೋಷಿಸಿದರು. ಅವನದು ಅಂತ ನಂಬಲಾದ ಬಲಗೈ ಇವತ್ತಿಗೂ ಬುಡಾಪೆಸ್ಟ್‌ನ ದೊಡ್ಡ ಚರ್ಚಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ, ಪ್ರತಿ ಆಗಸ್ಟ್ 20ಕ್ಕೆ ಅದರ ಮೆರವಣಿಗೆ ಹೊರಡುತ್ತದೆ. ಒಬ್ಬನ ದೇಹದ ತುಂಡುಗಳು ಹೆದರಿಸೋಕೆ ನೇತಾಡಿದವು, ಇನ್ನೊಬ್ಬನ ದೇಹದ ತುಂಡಿಗೆ ಆರತಿ. ಕಾದಂಬರಿಕಾರರು ಇದಕ್ಕಿಂತ ಏನು ಹೊಸದಾಗಿ ಕಟ್ಟಬೇಕು ಹೇಳಿ?

ಹಳೇ ದೇವರು ಒಂದೇ ಸಲಕ್ಕೆ ಹೋಗಲೂ ಇಲ್ಲ. 1046ರಲ್ಲಿ ದೊಡ್ಡ ದಂಗೆಯಾಗಿ ಬಿಷಪ್ ಗೆಲ್ಲೆರ್ಟ್‌ನನ್ನು ಬೆಟ್ಟದ ಮೇಲಿಂದ ಉರುಳಿಸಿ ಕೊಂದರು. ಬುಡಾಪೆಸ್ಟ್‌ನ ಆ ಬೆಟ್ಟಕ್ಕೆ ಈಗ ಅವನದೇ ಹೆಸರು. ನನಗೆ ಇದಕ್ಕಿಂತ ರುಚಿಸೋದು ಕಾನೂನುಗಳು. 1077ರಿಂದ 1095ರವರೆಗೆ ಆಳಿದ ಲಾಸ್ಲೊ ರಾಜನ ಒಂದು ಕಟ್ಟಳೆ ನೋಡಿ: ಬಾವಿ, ಮರ, ಕಲ್ಲುಗಳಿಗೆ ಹಳೇ ರೀತಿ ಬಲಿ ಕೊಟ್ಟವರು ಒಂದು ಎತ್ತನ್ನು ದಂಡ ಕಟ್ಟಬೇಕು. ಅಂದರೆ ಪಟ್ಟಾಭಿಷೇಕ ಆಗಿ ಮುಕ್ಕಾಲು ಶತಮಾನ ಕಳೆದರೂ ಜನ ಮರಕ್ಕೆ ಕೈ ಮುಗಿಯುತ್ತಲೇ ಇದ್ದರು ಅಂತಾಯ್ತು. ಯಾರೂ ಮಾಡದ ಕೆಲಸಕ್ಕೆ ಯಾವ ರಾಜ ದಂಡ ಹಾಕುತ್ತಾನೆ? ಅವನ ನಂತರ ಬಂದ ಕಾಲ್ಮಾನ್ ರಾಜ ಇನ್ನೂ ವಿಚಿತ್ರ. ಮಾಟಗಾತಿಯರ ಒಂದು ಜಾತಿಯ ಬಗ್ಗೆ, ಅಂಥವರು ಇಲ್ಲವೇ ಇಲ್ಲ, ಹಾಗಾಗಿ ವಿಚಾರಣೆಯೂ ಬೇಡ ಅಂತ ಕಾನೂನಿನಲ್ಲೇ ಬರೆಸಿಬಿಟ್ಟ. ಅಷ್ಟು ಹಿಂದೆಯೇ! ಆಮೇಲೆ 1728ರಲ್ಲಿ ಅದೇ ದೇಶದ ಸೆಗೆಡ್ ಊರಿನಲ್ಲಿ ಮಾಟಗಾರರು ಅಂತ ಜನರನ್ನು ಜೀವಂತ ಸುಟ್ಟರು, ಅವರಲ್ಲಿ ಊರಿನ ಮಾಜಿ ನ್ಯಾಯಾಧೀಶನೂ ಒಬ್ಬ. ಕಾಲ ಮುಂದೆ ಹೋದ ಹಾಗೆ ಕತ್ತಲೆ ಕಡಿಮೆ ಆಗುತ್ತೆ ಅಂತ ಯಾರು ಹೇಳಿದ್ದು?

ಗೊಲೆಮ್, ಡಿಬ್ಬುಕ್ ಅಂದರೇನು? ನಮ್ಮ ದೆವ್ವಗಳ ಥರಾನೇನಾ?
– ಬ್ಯಾಂಕ್ ಉದ್ಯೋಗಿ, ಗಂಗಾವತಿ

ಡಿಬ್ಬುಕ್ ನಿಮಗೆ ತಟ್ಟನೆ ಅರ್ಥವಾಗುತ್ತದೆ. ನೆಮ್ಮದಿ ಸಿಗದ ಸತ್ತವನ ಜೀವ ಇನ್ನೊಬ್ಬರ ಮೈ ಹೊಕ್ಕು ಅವರ ಬಾಯಲ್ಲಿ ತನ್ನ ದನಿಯಲ್ಲಿ ಮಾತಾಡುತ್ತದೆ. ರಬ್ಬಿ, ಅಂದರೆ ಅವರ ಧರ್ಮಗುರು, ಹತ್ತು ಗಂಡಸರನ್ನು ಕೂರಿಸಿಕೊಂಡು ನೀನ್ಯಾರು, ಏನು ಪಾಪ ಮಾಡಿದ್ದೆ ಅಂತ ಕೇಳುತ್ತಾನೆ, ಟಗರಿನ ಕೊಂಬು ಊದಿಸುತ್ತಾನೆ. ಹೊರಗೆ ಹೋಗೋದಾದರೆ ಕಾಲಿನ ಕಿರುಬೆರಳಿಂದ ಹೋಗು ಅಂತ ಷರತ್ತು ಹಾಕುತ್ತಾನೆ, ಬೇರೆ ಕಡೆಯಿಂದ ಹೋದರೆ ರೋಗಿಗೆ ಪೆಟ್ಟಾಗುತ್ತದಂತೆ. ಗಾಳಿ ಸೋಕಿದವರನ್ನು ನಿಂದು ಯಾವೂರು ಅಂತ ವಿಚಾರಿಸೋದನ್ನು ನೀವೂ ಕೇಳಿರುತ್ತೀರಿ, ಅಲ್ವಾ?

ಗೊಲೆಮ್ ದೆವ್ವ ಅಲ್ಲ. ಮಣ್ಣಿನಿಂದ ಮಾಡಿ ಪವಿತ್ರ ಅಕ್ಷರಗಳಿಂದ ಜೀವ ಕೊಟ್ಟ ಆಳು. ಪ್ರಾಗ್ ನಗರದ ರಬ್ಬಿ ಲೊಯೆವ್ (ತೀರಿಕೊಂಡದ್ದು 1609ರಲ್ಲಿ) ಅದನ್ನು ಮಾಡಿದ ಅನ್ನೋ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆ ಅಚ್ಚಾಗಿ ಓಡಾಡಿದ್ದು 19ನೇ ಶತಮಾನದಲ್ಲಿ, ಪ್ರಾಗ್ ಹಂಗೇರಿಯಲ್ಲೂ ಇಲ್ಲ. ಮೂಲ ಬಹಳ ಹಳೆಯದು. ತಾಲ್ಮುದ್ ಅನ್ನೋ ಯಹೂದಿಗಳ ಹಳೇ ಧರ್ಮಗ್ರಂಥದಲ್ಲಿ ರಾವಾ ಎಂಬ ಪಂಡಿತ ಒಬ್ಬ ಮನುಷ್ಯನನ್ನು ಸೃಷ್ಟಿಸಿ ಇನ್ನೊಬ್ಬ ಪಂಡಿತನ ಹತ್ತಿರ ಕಳಿಸುತ್ತಾನೆ. ಆ ಪಂಡಿತ ಮಾತಾಡಿಸುತ್ತಾನೆ, ಬಂದವನು ಉತ್ತರ ಕೊಡಲ್ಲ. ಗೊತ್ತಾಯ್ತು ಬಿಡು, ಮಣ್ಣಿಗೆ ವಾಪಸ್ ಹೋಗು ಅನ್ನುತ್ತಾನೆ, ಅಷ್ಟೇ. ಸಿನಿಮಾಗಳಲ್ಲಿ ಗೋಡೆ ಒಡೆಯೋ ರಾಕ್ಷಸನಿಗಿಂತ ಈ ಮಾತು ಬಾರದವನು ನನಗೆ ಜಾಸ್ತಿ ಭಯ ಹುಟ್ಟಿಸುತ್ತಾನೆ.

ಅದೇ ಗ್ರಂಥದಲ್ಲಿ ದೆವ್ವ ಇದೆಯೋ ಇಲ್ಲವೋ ನೋಡೋ ಉಪಾಯವೂ ಇದೆ. ರಾತ್ರಿ ಹಾಸಿಗೆ ಸುತ್ತ ಜರಡಿ ಹಿಡಿದ ಬೂದಿ ಚೆಲ್ಲಿ ಮಲಗಬೇಕು, ಬೆಳಿಗ್ಗೆ ಹುಂಜದ ಹೆಜ್ಜೆ ಮೂಡಿರುತ್ತೆ. ಇನ್ನು ಲಿಲಿತ್ ಅನ್ನೋ ಹೆಣ್ಣು ದೆವ್ವ ಹಸುಗೂಸುಗಳನ್ನು ಎತ್ತಿಕೊಂಡು ಹೋಗುತ್ತಾಳೆ ಅಂತ ಬಾಣಂತಿ ಕೋಣೆಯ ಗೋಡೆಗೆ ಮೂವರು ದೇವದೂತರ ಹೆಸರು ಬರೆದ ಕಾಗದ ಅಂಟಿಸುತ್ತಿದ್ದರು. ನಮ್ಮ ಕಡೆ ಬಾಣಂತಿ ಮಂಚದ ಕೆಳಗೆ ಕುಡುಗೋಲು ಇಟ್ಟ ಹಾಗೆ.

ಇದರಲ್ಲೆಲ್ಲ ಗಮನಿಸಿ, ಒಂದಕ್ಕೂ ನಿಯಮ ತಪ್ಪಲ್ಲ. ಇಂಥ ಬೆರಳಿಂದಲೇ ಹೋಗಬೇಕು, ಇಂಥ ಹೆಸರೇ ಬರೆಯಬೇಕು. ಒಳ್ಳೇ ಡಾರ್ಕ್ ಫ್ಯಾಂಟಸಿ ಈ ಜಿಪುಣತನವನ್ನು ಉಳಿಸಿಕೊಳ್ಳುತ್ತದೆ. ಕೆಟ್ಟದ್ದು ಕೈ ಬೀಸಿದರೆ ಬೆಂಕಿ ಹುಟ್ಟಿಸುತ್ತದೆ.

ಹಂಗೇರಿಯ ಬಾತೊರಿ ರಾಣಿ ಕನ್ಯೆಯರ ರಕ್ತದಲ್ಲಿ ಸ್ನಾನ ಮಾಡುತ್ತಿದ್ದಳಂತೆ, ಹೌದಾ?
– ಮೊಬೈಲ್ ಅಂಗಡಿ ಮಾಲೀಕ, ಸಿರುಗುಪ್ಪ

ರಾಣಿ ಅಲ್ಲ, ದೊಡ್ಡ ಜಮೀನ್ದಾರ ಮನೆತನದ ಹೆಂಗಸು, ಎರ್ಜೆಬೆಟ್ ಬಾತೊರಿ (1560–1614). ಕೆಲಸದ ಹುಡುಗಿಯರನ್ನು ಹಿಂಸಿಸಿ ಕೊಂದ ಆರೋಪ ಬಂತು. 1611ರಲ್ಲಿ ಅವಳ ಆಳುಗಳನ್ನು ಕೊಂದರು, ಅವಳನ್ನು ವಿಚಾರಣೆಯೇ ಇಲ್ಲದೆ ತನ್ನದೇ ಕೋಟೆಯಲ್ಲಿ ಕೂಡಿಹಾಕಿದರು, ಅಲ್ಲೇ ಸತ್ತಳು. ರಕ್ತದ ಸ್ನಾನದ ಕಥೆ ಅಚ್ಚಿನಲ್ಲಿ ಬಂದದ್ದು 1729ರಲ್ಲಿ, ಅವಳು ಸತ್ತು ನೂರು ವರ್ಷ ದಾಟಿದ ಮೇಲೆ. ಆಳುಗಳಿಗೆ ಸಾವು, ಧಣಿಗೆ ಕೋಣೆ. ನಿಜವಾದ ಭಯಾನಕ ಕಥೆ ಇದು, ಸ್ನಾನದ ತೊಟ್ಟಿ ಬೇಕಿಲ್ಲ.

ನಾನೂ ಇಂಥದ್ದೊಂದು ಕಾದಂಬರಿ ಕನ್ನಡದಲ್ಲಿ ಬರೆಯಬೇಕು ಅಂತಿದ್ದೇನೆ. ಹಂಗೇರಿಯ ಹಳ್ಳಿ, ರಕ್ತ ಕೇಳುವ ಯಹೂದಿ ಮಾಂತ್ರಿಕ ಖಳನಾಯಕ. ಸಲಹೆ ಕೊಡಿ.
– ಪ್ರೌಢಶಾಲೆ ಶಿಕ್ಷಕ, ಕುಷ್ಟಗಿ

ಮೇಷ್ಟ್ರೇ, ಹಳ್ಳಿ ಇರಲಿ, ಆ ಖಳನಾಯಕನನ್ನು ದಯವಿಟ್ಟು ಬಿಡಿ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಯಹೂದಿಗಳು ಪೂಜೆಗೆ ಕ್ರೈಸ್ತರ ಮಕ್ಕಳ ರಕ್ತ ಬಳಸುತ್ತಾರೆ ಅನ್ನೋದು ಯುರೋಪಿನಲ್ಲಿ ನೂರಾರು ವರ್ಷ ಓಡಿದ ಸುಳ್ಳು. 1882ರಲ್ಲಿ ಹಂಗೇರಿಯ ತಿಸಾಎಸ್ಲಾರ್ ಹಳ್ಳಿಯಲ್ಲಿ 14 ವರ್ಷದ ಕೆಲಸದ ಹುಡುಗಿಯೊಬ್ಬಳು ಕಾಣೆಯಾದಳು. ಊರಿನ ಯಹೂದಿಗಳ ಮೇಲೆ ಇದೇ ಆರೋಪ ಹೊರಿಸಿದರು. ಅವರದೇ ಪೈಕಿ ಒಬ್ಬ ಹುಡುಗನನ್ನು ಹೆದರಿಸಿ ಸ್ವಂತ ತಂದೆಯ ವಿರುದ್ಧ ಸಾಕ್ಷಿ ಹೇಳಿಸಿದರು. 1883ರಲ್ಲಿ ಕೋರ್ಟು ಎಲ್ಲರನ್ನೂ ಬಿಟ್ಟಿತು, ಆದರೂ ಬೀದಿಗಳಲ್ಲಿ ಗಲಭೆ ಎದ್ದವು. ಹಿಂದಕ್ಕೆ ಹೋದರೆ 1092ರಲ್ಲೇ, ಅದೇ ಲಾಸ್ಲೊ ರಾಜನ ಕಾಲದಲ್ಲಿ, ಭಾನುವಾರ ಕೆಲಸ ಮಾಡಿದ ಯಹೂದಿಯ ಉಪಕರಣ ಕಿತ್ತುಕೊಳ್ಳಬೇಕು, ಕ್ರೈಸ್ತ ಹೆಣ್ಣನ್ನು ಮದುವೆ ಆಗುವಂತಿಲ್ಲ ಅಂತ ಕಟ್ಟಳೆ. 1222ರಲ್ಲಿ ಟಂಕಸಾಲೆ, ಉಪ್ಪು, ಸುಂಕದ ಅಧಿಕಾರ ಅವರಿಗೆ ಕೊಡಬಾರದು ಅಂತ ಇನ್ನೊಂದು. 1241ರಲ್ಲಿ ಮಂಗೋಲರು ಬಂದು ದೇಶ ಹಾಳು ಮಾಡಿದ ಮೇಲೆ, 1251ರಲ್ಲಿ ರಾಜನೇ ಯಹೂದಿಗಳಿಗೆ ರಕ್ಷಣೆಯ ಪತ್ರ ಬರೆದುಕೊಟ್ಟ. ಬೇಕಾದಾಗ ಕರೆಯೋದು, ಬೇಡವಾದಾಗ ಒದೆಯೋದು. ಕೊನೆಗೆ 1944ರ ಮೇ 15ರಿಂದ ಜುಲೈ 9ರೊಳಗೆ ಹಂಗೇರಿಯಿಂದ ಸುಮಾರು 4,37,000 ಯಹೂದಿಗಳನ್ನು ರೈಲು ತುಂಬಿ ಕಳಿಸಿದರು, ಬಹುತೇಕ ಎಲ್ಲರನ್ನೂ ನಾಜಿಗಳ ಸಾವಿನ ಶಿಬಿರ ಔಶ್ವಿಟ್ಸ್‌ಗೆ. ಈಗ ಹೇಳಿ, ರಕ್ತ ಕೇಳುವವನು ಆ ಕಥೆಯಲ್ಲಿ ಯಾರು?

20ನೇ ಶತಮಾನದ ಆರಂಭದಲ್ಲಿ ಬಂದ ಗೊಲೆಮ್ ಕಥೆಗಳಲ್ಲಿ ಆ ಮಣ್ಣಿನ ಆಳು ರಾತ್ರಿ ಕಾವಲು ತಿರುಗೋದು ಇದೇ ಸುಳ್ಳು ಆರೋಪದಿಂದ ತನ್ನ ಕೇರಿಯನ್ನು ಕಾಪಾಡೋಕೆ. ಇದನ್ನು ತಿಳಿಯದೆ ಗೊಲೆಮ್ ತಂದರೆ ಅವನು ಬರೀ ಮಣ್ಣಿನ ಗೊಂಬೆ.

ಇನ್ನೊಂದು ಮಾತು. ನೀವು ಕುಷ್ಟಗಿಯಲ್ಲಿ ಕೂತಿದ್ದೀರಿ. ಹಿರೇಬೆಣಕಲ್ ಬೆಟ್ಟದ ಮೇಲೆ ಚಪ್ಪಡಿ ಕಲ್ಲಿನ ನೂರಾರು ಗೋರಿಗಳಿವೆ, ಕೆಲವದರ ಕಲ್ಲಿನಲ್ಲಿ ದುಂಡನೆ ಕಿಂಡಿ. ಅವು ಮೊರೇರು ಅನ್ನೋ ಕುಳ್ಳ ಜನರ ಮನೆಗಳು ಅಂತ ಸುತ್ತಲಿನವರು ಹೇಳುತ್ತಾರೆ. ಗಂಗಾವತಿ ಕಡೆ ಕುಮಾರರಾಮನ ಕೋಟೆ ಕುಮ್ಮಟದುರ್ಗ ಇದೆ. ಮಲತಾಯಿಯ ಆಸೆ, ತಂದೆಯ ಸಿಟ್ಟು, 1327ರ ಸುಮಾರಿಗೆ ದೆಹಲಿ ಸೈನ್ಯ, ಕತ್ತರಿಸಿ ಒಯ್ದ ಕುಮಾರರಾಮನ ತಲೆ, ಎಲ್ಲ ನಿಮ್ಮ ಜಿಲ್ಲೆಯಲ್ಲೇ ಇದೆ. ಹಂಗೇರಿ ಬೇಡ ಅನ್ನುತ್ತಿಲ್ಲ. ಆದರೆ ಕೊಪ್ಪಾನಿಯ ನಾಲ್ಕು ತುಂಡಿನ ಬಗ್ಗೆ ಬರೆಯೋಕೆ ಮುಂಚೆ ಒಮ್ಮೆ ಕುಮ್ಮಟದುರ್ಗ ಹತ್ತಿ ಬನ್ನಿ. ಸೋತವನ ದೇಹವನ್ನು ಗೆದ್ದವರು ಏನು ಮಾಡುತ್ತಾರೆ, ಆಮೇಲೆ ಊರಿನವರು ಅದೇ ತಲೆಯನ್ನು ಕಥೆಯಲ್ಲಿ ಹೇಗೆ ವಾಪಸ್ ತರುತ್ತಾರೆ ಅನ್ನೋದು ಅಲ್ಲಿ ಗೊತ್ತಾಗುತ್ತೆ. ಬರೆದ ಮೇಲೆ ಮೊದಲ ಅಧ್ಯಾಯ ಕಳಿಸಿ, ಖಂಡಿತ ಓದುತ್ತೇನೆ.

ಮಗನಿಗೆ 11 ವರ್ಷ. ಅಕ್ಕ ಓದೋದು ನೋಡಿ ತನಗೂ ಇಂಥ ಡಾರ್ಕ್ ಫ್ಯಾಂಟಸಿ ಪುಸ್ತಕ ಬೇಕು ಅಂತ ಹಟ ಹಿಡಿದಿದ್ದಾನೆ. ಕೊಡಬಹುದಾ?
– ಗೃಹಿಣಿ, ಮಾನ್ವಿ

ಬೇಡಮ್ಮಾ, ಇನ್ನೂ ನಾಲ್ಕೈದು ವರ್ಷ ಹೋಗಲಿ. ಇವು ಹೆಚ್ಚಾಗಿ ದೊಡ್ಡವರಿಗೆ ಬರೆದವು, ಕೈಕಾಲು ಕಡಿಯೋದು, ಹಿಂಸೆ ಎಲ್ಲ ಇರುತ್ತದೆ. ಅದರ ಬದಲು ಮಗ್ಯಾರರ ಹುಟ್ಟಿನ ಕಥೆ ಹೇಳಿ. ಹುನೋರ್, ಮಾಗೊರ್ ಅಂತ ಇಬ್ಬರು ಅಣ್ಣತಮ್ಮಂದಿರು ಬೇಟೆಗೆ ಹೋದಾಗ ಒಂದು ಮಾಯಾ ಜಿಂಕೆ ಕಾಣಿಸುತ್ತದೆ. ಅಟ್ಟಿಸಿಕೊಂಡು ಹೋಗಿ ಹೋಗಿ ದೂರದ ಜೌಗು ನಾಡು ಮುಟ್ಟುತ್ತಾರೆ, ಅಲ್ಲಿ ಜಿಂಕೆ ಮಾಯ. ಆದರೆ ದನಕರುಗಳಿಗೆ ಒಳ್ಳೇ ಹುಲ್ಲುಗಾವಲು ಸಿಗುತ್ತದೆ, ಅಲ್ಲೇ ನೆಲೆ ನಿಲ್ಲುತ್ತಾರೆ. ಚಿಕ್ಕವನಿಗೆ ಅಲ್ಲಿಗೆ ನಿಲ್ಲಿಸಿ. ಮುಂದೆ ಅವರು ಪಕ್ಕದ ರಾಜನ ಹೆಣ್ಣುಮಕ್ಕಳನ್ನು ಹೊತ್ತುಕೊಂಡು ಹೋಗೋ ಭಾಗ ಇದೆ, ಅದನ್ನು ಅಕ್ಕ ಕೇಳಿಯೇ ಕೇಳುತ್ತಾಳೆ, ಆ ಹುಡುಗಿಯರು ಏನಂದರು ಅಂತ. ಹಳೇ ಕಥೆಯಲ್ಲಿ ಅದಕ್ಕೆ ಉತ್ತರ ಇಲ್ಲ. ಅವಳನ್ನೇ ಬರೆಯೋಕೆ ಹೇಳಿ.